ಪಿತ್ತದ ಬೆನ್ನು ಹತ್ತಿದ ವೀಲಾಂಡ್

ಸಿರುಗುಪ್ಪ, ಕುರುಗೋಡು ಬಸ್ಸಲ್ಲಿ ನಿಂತುಕೊಂಡೇ ಬಳ್ಳಾರಿಗೆ ಬರುವ ನಮಗೆ ಬಿಸಿಲಿಗೆ ತಲೆ ಸುತ್ತಿದರೆ ಮನೆಯಲ್ಲಿ ಪಿತ್ತ ಅಂತಾರೆ. ಸಿಟ್ಟು ಬಂದರೆ ಪಿತ್ತ ನೆತ್ತಿಗೇರಿದೆ ಅಂತಾರೆ. ಆದ್ರೆ ಪಿತ್ತರಸದೊಳಗೆ ನಿಜವಾಗಿ ಏನಿದೆ? ಇದನ್ನು ತಿಳಿಯೋಕೆ ವರ್ಷಾನುಗಟ್ಟಲೆ ದುಡಿದವರು ಹೈನ್ರಿಚ್ ವೀಲಾಂಡ್.

1877ರ ಜೂನ್ 4ರಂದು ಜರ್ಮನಿಯ ಫೋರ್ಟ್ಸ್‌ಹೈಮ್‌ನಲ್ಲಿ ಹುಟ್ಟಿದ ವೀಲಾಂಡ್, 1901ರಲ್ಲಿ ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಪಡೆದರು. 1912ರ ಹೊತ್ತಿಗೆ ಪಿತ್ತಾಮ್ಲಗಳ ಕೆಲಸ ಶುರುಮಾಡಿದರು. ಮೊದಲ ಮಹಾಯುದ್ಧದಲ್ಲಿ ಹೇಬರ್ ಅವರ ಸಂಸ್ಥೆಯಲ್ಲಿ ರಾಸಾಯನಿಕ ಅಸ್ತ್ರಗಳ ಸಂಶೋಧನೆಯನ್ನೂ ಮಾಡಿದರು. ಅದನ್ನು ನಾವು ಮುಚ್ಚಿಡಬೇಕಿಲ್ಲ.

ಆಗ ಈಗಿನ ಹಾಗೆ ಮಷೀನ್‌ಗಳಿರಲಿಲ್ಲ. ಅಣುವನ್ನು ಒಂದೊಂದೇ ಹಂತದಲ್ಲಿ ಒಡೆದು, ಸಿಕ್ಕ ಚೂರುಗಳಿಂದ ಮೂಲ ರೂಪ ಊಹಿಸಬೇಕಿತ್ತು. ಪಿತ್ತಾಮ್ಲಗಳು ಕೊಲೆಸ್ಟರಾಲ್‌ನ ಹತ್ತಿರದ ನೆಂಟರು ಅಂತ ಅವರು ತೋರಿಸಿದರು. ಈ ಕೆಲಸಕ್ಕೆ 1927ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಮಜಾ ಇರೋದು ಇಲ್ಲಿ. ಅವರು ಬರೆದಿದ್ದ ರಚನೆ ತಪ್ಪಾಗಿತ್ತು! ಇಂಗ್ಲೆಂಡಿನ ಬರ್ನಲ್ ಎಕ್ಸ್-ರೇ ಹಾಯಿಸಿ ನೋಡಿದಾಗ ಅಣುವಿನ ಅಳತೆ ಆ ಚಿತ್ರಕ್ಕೆ ಹೊಂದಲಿಲ್ಲ. ವೀಲಾಂಡ್ ಹಟ ಹಿಡಿಯಲಿಲ್ಲ. 1932ರಲ್ಲಿ ಎಲಿಸಬೆತ್ ಡಾನೆ ಜೊತೆ ಸೇರಿ ತಾವೇ ತಿದ್ದಿದರು. ಲ್ಯಾಬ್ ರೀಡಿಂಗ್ ತಪ್ಪಾದರೆ ಅಳಿಸಿ ಸರಿಮಾಡಿಕೊಳ್ಳುವ ನಾವು ಇದನ್ನು ನೆನಪಿಡಬೇಕು.

ನಿಜವಾದ ಪರೀಕ್ಷೆ ನಾಜಿಗಳ ಕಾಲದಲ್ಲಿ ಬಂತು. ಯಹೂದಿ ಮೂಲದ ತಾಯಿ ಅಥವಾ ತಂದೆ ಇರುವ ವಿದ್ಯಾರ್ಥಿಗಳಿಗೆ ಕಾಲೇಜಿನ ಬಾಗಿಲು ಮುಚ್ಚುತ್ತಿತ್ತು. ವೀಲಾಂಡ್ ಅಂಥವರಿಗೆ ತಮ್ಮ ಲ್ಯಾಬ್‌ನಲ್ಲಿ ಜಾಗ ಕೊಟ್ಟರು. ಅವರಲ್ಲಿ ಒಬ್ಬ ಹಾನ್ಸ್ ಲೈಪೆಲ್ಟ್. 'ವೈಟ್ ರೋಸ್' ಗುಂಪಿನ ಕರಪತ್ರ ಹಂಚಿದ್ದಕ್ಕೆ ಅವನು ಸಿಕ್ಕಿಬಿದ್ದ. 1944ರಲ್ಲಿ ವಿಚಾರಣೆ ನಡೆದಾಗ ವೀಲಾಂಡ್ ಅವನ ಪರ ಸಾಕ್ಷಿ ಹೇಳಲು ಹೋದರು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಆದರೂ ಅವನು ಉಳಿಯಲಿಲ್ಲ, 1945ರ ಜನವರಿ 29ರಂದು ಕೊಂದರು. ವೀಲಾಂಡ್ 1957ರ ಆಗಸ್ಟ್ 5ರಂದು ತೀರಿಕೊಂಡರು.

ಅವರ ಕೆಲಸ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಲಿವರ್ ಕೊಲೆಸ್ಟರಾಲ್‌ನಿಂದ ಪಿತ್ತಾಮ್ಲ ಮಾಡುತ್ತೆ, ಅದು ಕರುಳಿಗೆ ಹೋಗಿ ಕೊಬ್ಬು ಕರಗಿಸುತ್ತೆ. ಸುಮಾರು 95 ಪರ್ಸೆಂಟ್ ಮತ್ತೆ ಲಿವರ್‌ಗೇ ವಾಪಸ್. ಒಳ್ಳೇ ರೀಸೈಕ್ಲಿಂಗ್! ಉಳಿದದ್ದರಲ್ಲಿ ಒಂದಿಷ್ಟನ್ನು ಕರುಳಿನ ಬ್ಯಾಕ್ಟೀರಿಯಾಗಳು ಬೇರೆ ರೂಪಕ್ಕೆ ತಿರುಗಿಸುತ್ತವೆ.

ಪಿತ್ತಾಮ್ಲ ಬರೀ ಸೋಪಿನ ಥರ ಅಲ್ಲ, ಸಿಗ್ನಲ್ ಕೂಡ ಹೌದು ಅಂತ ಈಗ ಗೊತ್ತಾಗಿದೆ. ಎಫ್‌ಎಕ್ಸ್‌ಆರ್, ಟಿಜಿಆರ್5 ಅನ್ನೋ ಗ್ರಾಹಕಗಳ ಮೂಲಕ ಅದು ರೋಗನಿರೋಧಕ ಕೋಶಗಳಿಗೆ ಸುಮ್ಮನಿರಿ ಅನ್ನೋ ಸಂದೇಶ ಕೊಡಬಲ್ಲದು. ಕರುಳಿನ ಉರಿಯೂತದ ಕಾಯಿಲೆ ಇರುವವರಲ್ಲಿ ಬ್ಯಾಕ್ಟೀರಿಯಾ ಬದಲಿಸಿದ ಪಿತ್ತಾಮ್ಲಗಳು ಕಡಿಮೆ ಇರೋದು ಕಂಡುಬಂದಿದೆ. ಲಿವರ್‌ನಲ್ಲಿ ಪಿತ್ತ ಹರಿಯದೆ ನಿಂತರೆ ಅದೇ ಆಮ್ಲ ಕೋಶಗಳನ್ನು ಸುಡುತ್ತೆ. ನಿರೋಧಕ ಶಕ್ತಿಯೇ ಲಿವರ್‌ನ ಸಣ್ಣ ಪಿತ್ತನಾಳಗಳ ಮೇಲೆ ತಿರುಗಿಬೀಳುವ ಕಾಯಿಲೆಗೆ ಡಾಕ್ಟರು ಕೊಡುವ ಮಾತ್ರೆಯೂ ಒಂದು ಪಿತ್ತಾಮ್ಲವೇ, ಹೆಸರು ಅರ್ಸೋಡಿಆಕ್ಸಿಕೋಲಿಕ್ ಆಮ್ಲ.

ಇನ್ಮೇಲೆ ಮನೆಯಲ್ಲಿ ಪಿತ್ತ ಅಂದಾಗ ನಮಗೆ ವೀಲಾಂಡ್ ನೆನಪಾಗ್ತಾರೆ. ತಮ್ಮ ತಪ್ಪನ್ನು ತಿದ್ದಿಕೊಂಡರು, ತಮ್ಮ ವಿದ್ಯಾರ್ಥಿಯನ್ನು ಬಿಟ್ಟುಕೊಡಲಿಲ್ಲ. ನಮಗೆ ನೊಬೆಲ್‌ಗಿಂತ ದೊಡ್ಡದಾಗಿ ಕಂಡಿದ್ದು ಇವೆರಡೇ.