ಕುದ್ಮುಲ್ ರಂಗರಾಯರು: ಮನೆಯ ಕಷ್ಟವರಿತು ಶಾಲೆ ಕಟ್ಟಿದವರು

ನಮ್ಮ ಶಾಲೆಯು ನೂರು ವಸಂತಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ, ನಮ್ಮದೇ ಮಣ್ಣಿನಲ್ಲಿ ಹುಟ್ಟಿ ಅಕ್ಷರದ ಬೆಳಕನ್ನು ಅದು ಎಂದೂ ಸುಳಿಯದ ಮನೆಗಳಿಗೆ ಒಯ್ದ ಮಹನೀಯರೊಬ್ಬರನ್ನು ನೆನೆಯುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ಅವರೇ ಕುದ್ಮುಲ್ ರಂಗರಾಯರು. ನಮ್ಮ ಶಾಲೆಯ ಮೊದಲ ಗಂಟೆ ಮೊಳಗಿದಾಗ ಅವರು ಬದುಕಿನ ಸಂಜೆಯಲ್ಲಿದ್ದರು.

ರಂಗರಾಯರು 1859ರ ಜೂನ್ 29ರಂದು ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಓದಿಗೂ ಉದ್ಯೋಗಕ್ಕೂ ಇಲ್ಲಿನವರು ಮಂಗಳೂರಿನತ್ತ ಮುಖಮಾಡುತ್ತಿದ್ದರು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ರಂಗರಾಯರೂ ಸಂಸಾರದ ಭಾರ ಹೊತ್ತು ಅದೇ ಹಾದಿ ಹಿಡಿದರು. ಅಲ್ಪ ಸಂಬಳದ ಉಪಾಧ್ಯಾಯ ವೃತ್ತಿಯಿಂದ ಜೀವನ ಆರಂಭಿಸಿ, ದುಡಿಯುತ್ತಲೇ ಓದಿ, ವಕೀಲಿ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಬಡವರ ಪರವಾಗಿ ವಾದಿಸುವ ಪ್ರಾಮಾಣಿಕ ವಕೀಲರೆಂಬ ಹೆಸರು ಪಡೆದರು. ಮಂಗಳೂರಿನ ಬ್ರಹ್ಮಸಮಾಜದ ಸಂಪರ್ಕವು ಅವರ ವಿಚಾರಗಳಿಗೆ ದಿಕ್ಕು ತೋರಿತು.

ಆ ಕಾಲದಲ್ಲಿ ದಲಿತರ ಮಕ್ಕಳಿಗೆ ಶಾಲೆಯ ಜಗಲಿಯೂ ನಿಷಿದ್ಧವಾಗಿತ್ತು. ಅವರಿಗೆ ಕಲಿಸಲೆಂದೇ ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಒಂದು ಶಾಲೆಯನ್ನು ತೆರೆದರು. ತೆರೆದದ್ದು ಸುಲಭ, ಉಳಿಸುವುದು ಕಠಿಣವಾಯಿತು. ಕಟ್ಟಡ ಕೊಡುವವರಿಲ್ಲ, ಕಲಿಸಲು ಮುಂದೆ ಬರುವ ಮೇಲ್ಜಾತಿಯ ಶಿಕ್ಷಕರಿಲ್ಲ. ವಿರೋಧ ಹೆಚ್ಚಿದಂತೆ ಶಾಲೆ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಬೇಕಾಯಿತು. ಸ್ವಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಅವರು ಅಳುಕಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಆ ಕಾರ್ಯಕ್ಕೆ ಗಟ್ಟಿ ಬುನಾದಿ ಹಾಕಿದರು. ಮುಂದಿನ ವರ್ಷಗಳಲ್ಲಿ ಕಂಕನಾಡಿ, ಅತ್ತಾವರ, ಮೂಲ್ಕಿ, ಉಡುಪಿ ಮೊದಲಾದೆಡೆಗಳಲ್ಲಿಯೂ ಶಾಲೆಗಳು ತಲೆಯೆತ್ತಿದವು.

ಹೊರಗಿನ ವಿರೋಧಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ತೊಡಕನ್ನು ಅವರು ಬಲುಬೇಗ ಕಂಡುಕೊಂಡರು. ಶಿಕ್ಷಕ ವೃತ್ತಿಯಲ್ಲಿರುವ ನಮಗೆ ಅವರ ಬದುಕಿನ ಅತ್ಯಂತ ದೊಡ್ಡ ಪಾಠ ಇದೇ ಎನಿಸುತ್ತದೆ. ಶಾಲೆಯ ಬಾಗಿಲು ತೆರೆದಿದ್ದರೂ ಮಕ್ಕಳು ಬರುತ್ತಿರಲಿಲ್ಲ, ಬಂದವರು ನಿಲ್ಲುತ್ತಿರಲಿಲ್ಲ. ಗದ್ದೆ ತೋಟಗಳಲ್ಲಿ ದುಡಿಯುವ ಹೆತ್ತವರಿಗೆ ಮಗುವಿನ ಎರಡು ಕೈಗಳೂ ಅಂದಿನ ಗಂಜಿಗೆ ಬೇಕಾಗಿದ್ದವು. ಇದನ್ನು ಹೆತ್ತವರ ಅಜ್ಞಾನವೆಂದು ಅವರು ಜರೆಯಲಿಲ್ಲ. ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟದ ವ್ಯವಸ್ಥೆ ಮಾಡಿದರು. ಮಗು ಶಾಲೆಗೆ ಬಂದ ದಿನಕ್ಕೆ ಕೆಲವು ಪೈಸೆಗಳನ್ನು ಕೊಟ್ಟು ಮನೆಗಾಗುವ ನಷ್ಟವನ್ನು ತುಂಬಿದರು. ದೂರದ ಮಕ್ಕಳಿಗಾಗಿ ವಸತಿನಿಲಯ ತೆರೆದರು. ಓದಿನ ಜೊತೆಗೆ ನೇಯ್ಗೆ, ಬಡಗಿ ಕೆಲಸಗಳನ್ನು ಕಲಿಸಿದರು. ನೆಲವೇ ಇಲ್ಲದ ಕುಟುಂಬಗಳಿಗೆ ಭೂಮಿ ದೊರಕಿಸಿ ಮನೆ ಕಟ್ಟಲು ನೆರವಾದರು. ಕುಡಿಯುವ ನೀರಿಗೆ ಬಾವಿ ತೋಡಿಸಿದರು. ಮಗುವಿನ ಕಲಿಕೆ ಗಟ್ಟಿಯಾಗಬೇಕಾದರೆ ಅದರ ಮನೆ ಗಟ್ಟಿಯಾಗಬೇಕೆಂಬುದು ಅವರ ನಂಬಿಕೆಯಾಗಿತ್ತು.

ಊರಿಗೆ ಉಪದೇಶಿಸಿದ್ದನ್ನು ಅವರು ತಮ್ಮ ಮನೆಯಲ್ಲಿಯೂ ಆಚರಿಸಿದರು. ಹೆಣ್ಣುಮಕ್ಕಳ ಓದು ಅಪರೂಪವಾಗಿದ್ದ ಕಾಲದಲ್ಲಿ ಮಗಳು ರಾಧಾಬಾಯಿಯನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನವರೆಗೆ ಓದಿಸಿದರು. ಜಾತಿಯ ಎಲ್ಲೆ ಮೀರಿ ಆಕೆಯನ್ನು ಪಿ. ಸುಬ್ಬರಾಯನ್ ಅವರಿಗೆ ವಿವಾಹ ಮಾಡಿಕೊಟ್ಟರು. ಅದೇ ರಾಧಾಬಾಯಿ ಸುಬ್ಬರಾಯನ್ ಮುಂದೆ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಮಹಿಳೆಯರ ಪ್ರತಿನಿಧಿಯಾಗಿ ಕುಳಿತರು.

ಸರ್ಕಾರ ರಾವ್ ಸಾಹೇಬ್ ಬಿರುದಿತ್ತು ಗೌರವಿಸಿದರೂ ರಂಗರಾಯರ ಆಸೆ ಬೇರೆಯೇ ಆಗಿತ್ತು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ಸರ್ಕಾರಿ ಹುದ್ದೆಗೇರಿ, ಕಾರಿನಲ್ಲಿ ಕುಳಿತು ತಮ್ಮೂರ ಹಾದಿಯಲ್ಲಿ ಸಾಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂದು ಅವರು ಬಗೆದಿದ್ದರು. ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ, 1928ರ ಜನವರಿ 30ರಂದು ದೇಹತ್ಯಾಗ ಮಾಡಿದರು. ತಮ್ಮ ಅಂತ್ಯಯಾತ್ರೆಗೆ ದಲಿತರೇ ಹೆಗಲು ಕೊಡಬೇಕೆಂಬುದು ಅವರ ಇಚ್ಛೆಯಾಗಿತ್ತು. 1934ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದ ಮಹಾತ್ಮ ಗಾಂಧಿಯವರು ಅವರು ಕಟ್ಟಿದ ಸಂಸ್ಥೆಯನ್ನು ಸಂದರ್ಶಿಸಿದರು.

ಇಂದು ಊಟ, ಪುಸ್ತಕ, ಸಮವಸ್ತ್ರಗಳಿಗಾಗಿ ಯಾವ ಮಗುವೂ ಶಾಲೆಯಿಂದ ದೂರ ಉಳಿಯಬೇಕಾಗಿಲ್ಲ. ಆದರೂ ವಿಷು ಕಳೆದು ಜೂನ್ ಒಂದರ ಪ್ರವೇಶೋತ್ಸವ ಸಮೀಪಿಸುವ ದಿನಗಳಲ್ಲಿ ನಾವು ಶಿಕ್ಷಕಿಯರು ಮನೆಮನೆಗೆ ಹೋಗುತ್ತೇವೆ. ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರುಗಳು ವರ್ಷ ವರ್ಷವೂ ಕಡಿಮೆಯಾಗುತ್ತಿವೆ. ಕನ್ನಡದಲ್ಲಿ ಕಲಿತರೆ ಮಗುವಿನ ಭವಿಷ್ಯವೇನು ಎಂಬುದು ಹಲವು ಹೆತ್ತವರ ಆತಂಕ. ಆ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದೂ ಮಗುವಿನ ಮೇಲಣ ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಅರ್ಥವಾಗುವ ಭಾಷೆಯಲ್ಲಿ ಗಟ್ಟಿಯಾಗಿ ಓದಲು ಕಲಿತ ಮಗುವಿಗೆ ಇಂಗ್ಲಿಷೂ ಮಲಯಾಳವೂ ದಕ್ಕುತ್ತವೆ ಎಂಬುದನ್ನು ನಾವು ನಮ್ಮ ತರಗತಿಗಳಲ್ಲೇ ಕಂಡಿದ್ದೇವೆ.

ಕೆಲವು ವರ್ಷಗಳ ಹಿಂದೆ ಬೀಡಿ ಕಟ್ಟುತ್ತಿದ್ದ ತಾಯಿಯೊಬ್ಬರು, ಅಕ್ಷರ ಬಾರದ ತಾನು ಮಗಳಿಗೆ ಮನೆಯಲ್ಲಿ ಏನನ್ನು ಕಲಿಸಲಿ ಎಂದು ಕೇಳಿದ್ದರು. ಸಂಜೆ ಮಗಳನ್ನು ಎದುರು ಕೂರಿಸಿಕೊಂಡು ಪಾಠವನ್ನು ಗಟ್ಟಿಯಾಗಿ ಓದಿಸಿ. ನಿಮ್ಮ ಕೈ ಬೀಡಿ ಕಟ್ಟುತ್ತಿರಲಿ, ಕಿವಿ ಅವಳ ಕಡೆಗಿರಲಿ. ತಿಳಿಯದಿದ್ದುದನ್ನು ಅವಳಿಂದಲೇ ತುಳುವಿನಲ್ಲಿ ಹೇಳಿಸಿಕೊಳ್ಳಿ ಎಂದೆವು. ತಾಯಿಗೆ ವಿವರಿಸುವ ಸಲುವಾಗಿ ಪಾಠವನ್ನು ಅರ್ಥಮಾಡಿಕೊಳ್ಳತೊಡಗಿದ ಆ ಹುಡುಗಿ, ವರ್ಷ ಮುಗಿಯುವಷ್ಟರಲ್ಲಿ ತರಗತಿಯಲ್ಲಿ ಎಲ್ಲರಿಗಿಂತ ಸರಾಗವಾಗಿ ಓದುವವಳಾದಳು.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ. ಮಗುವನ್ನು ದಿನವೂ ತಪ್ಪದೆ ಕಳುಹಿಸಿರಿ. ಸಂಜೆ ಅರ್ಧ ಗಂಟೆ ಟಿ.ವಿ., ಮೊಬೈಲುಗಳನ್ನು ಬದಿಗಿರಿಸಿ ಅದರ ಓದನ್ನು ಕೇಳಿರಿ. ತಿಂಗಳಿಗೊಮ್ಮೆಯಾದರೂ ಶಾಲೆಗೆ ಬಂದು ನಮ್ಮೊಡನೆ ಮಾತನಾಡಿರಿ. ಹಳೆವಿದ್ಯಾರ್ಥಿಗಳು ನೆರೆಯ ಮನೆಯ ಒಂದು ಮಗುವನ್ನಾದರೂ ಕೈಹಿಡಿದು ಇಲ್ಲಿಗೆ ಕರೆತರಲಿ. ಮನೆಗೂ ಶಾಲೆಗೂ ನಡುವಣ ಹಾದಿಯನ್ನು ಸವೆಸುವ ಕೆಲಸವನ್ನು ರಂಗರಾಯರು ಒಬ್ಬರೇ ಆರಂಭಿಸಿದರು. ಅದನ್ನು ಮುಂದುವರಿಸಲು ನಾವು ಇಷ್ಟು ಮಂದಿ ಇದ್ದೇವೆ.