ರಾಬರ್ಟ್ ಬ್ರೂಸ್ ಫೂಟ್ (1834–1912): ಎಲೆಯಚ್ಚಿನ ಶಿಲೆಗಳಿಂದ ಮೈಸೂರಿನ ಭೂನಕ್ಷೆಯವರೆಗೆ

ಪ್ರಸ್ತಾವನೆ

ಕರ್ನಾಟಕ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮೂಲವು 1894ರಲ್ಲಿ ಅಂದಿನ ಮೈಸೂರು ಸಂಸ್ಥಾನದಲ್ಲಿ ಸ್ಥಾಪನೆಗೊಂಡ ಭೂವಿಜ್ಞಾನ ಇಲಾಖೆಯಲ್ಲಿದೆ. ಸದರಿ ಇಲಾಖೆಯ ಪ್ರಥಮ ಮುಖ್ಯಸ್ಥರು ಶ್ರೀ ರಾಬರ್ಟ್ ಬ್ರೂಸ್ ಫೂಟ್ ರವರು. ಕಲ್ಲುಗಣಿ, ಖನಿಜ ಅಥವಾ ಅಂತರ್ಜಲಕ್ಕೆ ಸಂಬಂಧಿಸಿದ ಸೇವೆಗಳನ್ನು ಕೋರಿ ಕಚೇರಿಗಳಿಗೆ ಬರುವ ನಾಗರಿಕರ ಕೆಲಸವು ಕೊನೆಗೆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ: ಆ ಜಾಗದ ಅಡಿಯಲ್ಲಿ ಯಾವ ಶಿಲೆ ಇದೆ? ದಕ್ಷಿಣ ಭಾರತದಲ್ಲಿ ಈ ಪ್ರಶ್ನೆಗೆ ಊರೂರು ತಿರುಗಿ ಉತ್ತರ ಬರೆದಿಟ್ಟ ಮೊದಲ ತಲೆಮಾರಿನವರಲ್ಲಿ ಫೂಟ್ ರವರು ಪ್ರಮುಖರು. ಅವರ ಜೀವನ ಮತ್ತು ಸಾಧನೆಯ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಸೇವೆಗೆ ಸೇರ್ಪಡೆ

ಫೂಟ್ ರವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಪಟ್ಟಣದಲ್ಲಿ ಜನಿಸಿದರು. 1851ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ 1858ರಲ್ಲಿ ಸೇರಿ, ಮದ್ರಾಸ್ ಪ್ರಾಂತ್ಯದ ಸರ್ವೇಕ್ಷಣೆಗೆ ನಿಯೋಜಿತರಾದರು. ಅಂದು ಸರ್ವೇಕ್ಷಣೆಯೆಂದರೆ ಎತ್ತಿನ ಗಾಡಿ, ಡೇರೆ, ಸುತ್ತಿಗೆ ಮತ್ತು ಟಿಪ್ಪಣಿ ಪುಸ್ತಕಗಳೊಂದಿಗೆ ತಿಂಗಳುಗಟ್ಟಲೆ ನಡೆಯುವ ಕೆಲಸವಾಗಿತ್ತು. ಹಳ್ಳದ ದಡ, ಬಾವಿ ತೋಡಿದ ಗುಂಡಿ, ಜಲ್ಲಿ ತೆಗೆದ ಹೊಂಡ, ಹೀಗೆ ಭೂಮಿಯ ಒಳಭಾಗ ಕಾಣುವ ಪ್ರತಿಯೊಂದು ಸ್ಥಳವನ್ನೂ ಪರಿಶೀಲಿಸಿ ದಾಖಲಿಸಬೇಕಾಗಿತ್ತು.

ಶ್ರೀಪೆರುಂಬುದೂರಿನ ಸಸ್ಯಶಿಲೆಗಳು

ಶ್ರೀ ರಾಮಾನುಜಾಚಾರ್ಯರ ಜನ್ಮಸ್ಥಳವೆಂದು ಮೇಲುಕೋಟೆಯ ಭಕ್ತರೆಲ್ಲರೂ ಬಲ್ಲ ಶ್ರೀಪೆರುಂಬುದೂರು ಇಂದಿನ ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿದೆ. ಇದರ ಸುತ್ತಮುತ್ತ ಮತ್ತು ಉತ್ತರಕ್ಕೆ ಸತ್ಯವೇಡುವಿನವರೆಗೆ, ಪುರಾತನ ನೈಸ್ ಶಿಲೆಯ ಮೇಲೆ ಶೇಲ್ ಎಂಬ ಜೇಡಿಪದರಗಲ್ಲು, ಮರಳುಗಲ್ಲು ಮತ್ತು ಗುಂಡುಕಲ್ಲುಗಳ ಪದರುಶಿಲೆಗಳು ಹರಡಿಕೊಂಡಿವೆ. ಪದರುಗಳನ್ನು ಬಿಡಿಸಿದಾಗ ಎಲೆಗಳ ಅಚ್ಚುಗಳು ಕಾಣಸಿಗುತ್ತವೆ. ಫೂಟ್ ರವರು ಈ ಶಿಲೆಗಳ ವ್ಯಾಪ್ತಿಯನ್ನು ಗುರುತಿಸಿ 1873ರಲ್ಲಿ ತಮ್ಮ ವಿಸ್ತೃತ ವರದಿಯನ್ನು ಪ್ರಕಟಿಸಿದರು. 1879ರ ಮತ್ತೊಂದು ವರದಿಯಲ್ಲಿ ಆಂಧ್ರದ ಒಂಗೋಲು ಭಾಗದ ಇದೇ ಬಗೆಯ ಶಿಲೆಗಳನ್ನು ಬುದವಾಡ ಮರಳುಗಲ್ಲು, ವೇಮಾವರಂ ಶೇಲ್ ಮತ್ತು ಪಾವಲೂರು ಮರಳುಗಲ್ಲು ಎಂದು ಕೆಳಗಿನಿಂದ ಮೇಲಕ್ಕೆ ಮೂರಾಗಿ ವಿಂಗಡಿಸಿದರು.

ಈ ಶಿಲೆಗಳಲ್ಲಿ ಹೂ ಬಿಡುವ ಇಂದಿನ ಮರಗಳ ಎಲೆಗಳು ಪ್ರಧಾನವಾಗಿಲ್ಲ. ಗಿಡ್ಡ ಈಚಲನ್ನು ನೆನಪಿಸುವ ಟಿಲೋಫಿಲ್ಲಮ್ ಎಂಬ ಸಸ್ಯದ ಗರಿಗಳು, ಜರೀಗಿಡಗಳು ಹಾಗೂ ಸೂಚಿಪರ್ಣ ಮರಗಳ ರೆಂಬೆಗಳು ಹೆಚ್ಚಾಗಿ ದೊರೆಯುತ್ತವೆ. ಪೂರ್ವ ಕರಾವಳಿಯ ಈ ಸಸ್ಯಗಳನ್ನು ಸಂಸ್ಥೆಯ ಸಸ್ಯಪಳೆಯುಳಿಕೆ ತಜ್ಞರಾದ ಒಟ್ಟೊಕರ್ ಫೀಸ್ಟ್‌ಮಾಂಟೆಲ್ ರವರು 1879ರಲ್ಲಿ ಸಚಿತ್ರವಾಗಿ ವಿವರಿಸಿದರು. ಎಲೆಗಳನ್ನಷ್ಟೇ ನೋಡಿದಾಗ ಶಿಲೆಗಳು ಜುರಾಸಿಕ್ ಕಾಲದವೆಂದು ತೋರುತ್ತಿತ್ತು. ಆದರೆ ಅದೇ ಪದರುಗಳಲ್ಲಿ ಕಡಲ ಜೀವಿಗಳ ಚಿಪ್ಪುಗಳೂ ಇದ್ದವು. ನಂತರದ ಅಧ್ಯಯನಗಳು ಇವುಗಳನ್ನು ಆರಂಭಿಕ ಕ್ರಿಟೇಷಿಯಸ್ ಕಾಲಕ್ಕೆ, ಅಂದರೆ ಸುಮಾರು 14.5 ಕೋಟಿಯಿಂದ 10 ಕೋಟಿ ವರ್ಷಗಳ ಹಿಂದಿನ ಅವಧಿಗೆ ಸೇರಿಸಿವೆ. ಡೈನೋಸಾರ್‌ಗಳು ಬದುಕಿದ್ದ ಆ ಕಾಲದಲ್ಲಿ ದಡದ ಕಾಡಿನ ಎಲೆಗಳು ಕಡಲಂಚಿನ ಕೆಸರಿನಲ್ಲಿ ಹೂತು ಉಳಿದವು ಎಂಬುದು ಇದರಿಂದ ತಿಳಿದುಬರುತ್ತದೆ. ಎಲೆ ಮತ್ತು ಚಿಪ್ಪು ಎರಡನ್ನೂ ಅವು ದೊರೆತ ಪದರು ಸಹಿತವಾಗಿ ದಾಖಲಿಸಿದ್ದರಿಂದಲೇ ಕಾಲನಿರ್ಣಯವನ್ನು ಮುಂದೆ ತಿದ್ದಲು ಸಾಧ್ಯವಾಯಿತು.

ಪಲ್ಲಾವರಂ ಕೈಗೊಡಲಿ

ಇದೇ ಸರ್ವೇಕ್ಷಣೆಯ ಅವಧಿಯಲ್ಲಿ, 1863ರ ಮೇ 30ರಂದು, ಮದ್ರಾಸ್ ಬಳಿಯ ಪಲ್ಲಾವರಂನಲ್ಲಿ ಜಂಬಿಟ್ಟಿಗೆ ಜಲ್ಲಿ ತೆಗೆದಿದ್ದ ಗುಂಡಿಯೊಂದರಲ್ಲಿ ಫೂಟ್ ರವರಿಗೆ ಮನುಷ್ಯನು ಕೆತ್ತಿದ ಕಲ್ಲಿನ ಕೈಗೊಡಲಿಯೊಂದು ದೊರೆಯಿತು. ಭಾರತದಲ್ಲಿ ಹಳೆಯ ಶಿಲಾಯುಗದ ಮಾನವನ ಇರುವಿಕೆಯನ್ನು ಸ್ಥಾಪಿಸಿದ ಶೋಧವಿದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ರವರೊಂದಿಗೆ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನಷ್ಟು ಉಪಕರಣಗಳನ್ನು ಪತ್ತೆ ಮಾಡಿದರು.

ಅತ್ತಿರಂಪಾಕ್ಕಂನ ತಳದಲ್ಲಿರುವುದು ಮೇಲ್ಕಂಡ ಕ್ರಿಟೇಷಿಯಸ್ ಕಾಲದ ಶೇಲ್. ಅದರ ಮೇಲೆ ನದಿ ತಂದು ಹಾಸಿದ ಜೇಡಿ ಮತ್ತು ಜಲ್ಲಿಯಲ್ಲಿ ಕಲ್ಲಿನ ಉಪಕರಣಗಳಿವೆ. ಇಲ್ಲಿನ ಅತ್ಯಂತ ಹಳೆಯ ಉಪಕರಣಗಳು ಸುಮಾರು 15 ಲಕ್ಷ ವರ್ಷಗಳಷ್ಟು ಪ್ರಾಚೀನವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿದೆ. ಒಂದರ ಮೇಲೊಂದು ಕುಳಿತ ಈ ಎರಡು ಪದರಗಳ ನಡುವೆ ಹತ್ತು ಕೋಟಿ ವರ್ಷಗಳಷ್ಟು ಅಂತರವಿದೆ; ನಡುವಿನ ಪುಟಗಳು ಹರಿದುಹೋದ ಲೆಕ್ಕದ ಪುಸ್ತಕದಂತೆ. ಯಾವುದು ಎಲೆಯ ಪದರು, ಯಾವುದು ಕೊಡಲಿಯ ಪದರು ಎಂಬುದನ್ನು ಬೇರ್ಪಡಿಸದಿದ್ದಲ್ಲಿ ಎರಡೂ ಅರ್ಥಹೀನವಾಗುತ್ತಿದ್ದವು.

ಕನ್ನಡ ನಾಡಿನಲ್ಲಿ ಸೇವೆ

1876ರಲ್ಲಿ ಪ್ರಕಟವಾದ ಅವರ ವರದಿಯು ಇಂದಿನ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮುಂತಾದ ಭಾಗಗಳ ಶಿಲೆಗಳನ್ನು ವಿವರಿಸುತ್ತದೆ. 1895ರಲ್ಲಿ ಬಳ್ಳಾರಿ ಜಿಲ್ಲೆಯ ವರದಿ ಹೊರಬಂದಿತು. ಬಳ್ಳಾರಿ ಸೀಮೆಯಲ್ಲಿ ನವಶಿಲಾಯುಗದ ನೆಲೆಗಳನ್ನೂ ಬೂದಿದಿಬ್ಬಗಳನ್ನೂ ಅವರು ಗಮನಿಸಿ ದಾಖಲಿಸಿರುತ್ತಾರೆ.

ಪದರು ಬೇರ್ಪಡಿಸುವ ಇದೇ ದೃಷ್ಟಿಯಿಂದ ಅವರು 1880ರ ದಶಕದಲ್ಲಿ ನೈಸ್ ಶಿಲೆಗಳ ನಡುವೆ ಪಟ್ಟಿಪಟ್ಟಿಯಾಗಿ ಹಾಯ್ದಿರುವ ಚಿನ್ನ ಮತ್ತು ಕಬ್ಬಿಣಯುಕ್ತ ಶಿಲೆಗಳನ್ನು ಪ್ರತ್ಯೇಕವಾಗಿ ಗುರುತಿಸಿ, ಧಾರವಾಡ ಶಿಲಾವ್ಯವಸ್ಥೆ ಎಂದು ಹೆಸರಿಸಿದರು. ಕೋಲಾರದ ಪಟ್ಟಿ ಇದರಲ್ಲಿ ಒಂದು. ಗದಗ ಬಳಿಯ ಡಂಬಳದಿಂದ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿಯ ಕಡೆಗೆ ಸಾಗುವ ಪಟ್ಟಿ ಮತ್ತೊಂದು. 1891ರಲ್ಲಿ ಸರ್ವೇಕ್ಷಣಾ ಸಂಸ್ಥೆಯಿಂದ ನಿವೃತ್ತರಾಗಿ, ಬರೋಡ ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದ ನಂತರ, ಅರವತ್ತರ ವಯಸ್ಸಿನಲ್ಲಿ ಮೈಸೂರಿನ ನೂತನ ಇಲಾಖೆಯ ಹೊಣೆ ಹೊತ್ತರು. ಇಲ್ಲಿ ಅವರ ಸೇವೆ ಕೆಲವೇ ವರ್ಷಗಳದ್ದಾದರೂ ಮುಂದಿನ ನಕ್ಷೆಗಳಿಗೆ ಅದು ಅಡಿಪಾಯವಾಯಿತು.

ಗುಬ್ಬಿ ತಾಲ್ಲೂಕಿನ ನಿದರ್ಶನ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆ ಪ್ರದೇಶದ ಹೆಲಿಕಾಪ್ಟರ್ ಕಾರ್ಖಾನೆಯು 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿರುತ್ತದೆ. ಶ್ರೀಪೆರುಂಬುದೂರು ಸಹ ಇಂದು ಕಾರ್ಖಾನೆಗಳ ಪಟ್ಟಣ. ನೆಲದ ಮೇಲೆ ಹೀಗೆ ಹೋಲಿಕೆ ಇದ್ದರೂ ನೆಲದ ಕೆಳಗೆ ಹೋಲಿಕೆ ಇಲ್ಲ. ಗುಬ್ಬಿ ಸೀಮೆಯ ತಳಶಿಲೆಗಳು ಬಹುಪಾಲು 250 ಕೋಟಿ ವರ್ಷಗಳಿಗೂ ಹಿಂದಿನ ನೈಸ್ ಮತ್ತು ಧಾರವಾಡ ಶಿಲೆಗಳು. ಭೂಮಿಯ ಮೇಲೆ ಎಲೆ ಎಂಬುದೇ ಇಲ್ಲದ ಕಾಲದವಾದ್ದರಿಂದ ಇವುಗಳಲ್ಲಿ ಎಲೆಯಚ್ಚು ದೊರೆಯಲಾರದು. ಆದರೂ ಇವು ಮೂಕವಲ್ಲ. ಇದೇ ತಾಲ್ಲೂಕಿನ ದೊಡ್ಡಗುಣಿಯ ಸುಣ್ಣಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮಾಟೊಲೈಟ್ ಎಂಬ ಪದರುರಚನೆಗಳನ್ನು ವಿಜ್ಞಾನಿಗಳು ಫೂಟ್ ರವರ ನಂತರದ ಶತಮಾನದಲ್ಲಿ ಗುರುತಿಸಿದ್ದಾರೆ.

ಕೊನೆಯ ದಿನಗಳು

ಫೂಟ್ ರವರು ಜೀವಮಾನವಿಡೀ ಸಂಗ್ರಹಿಸಿದ ಸಾವಿರಾರು ಪ್ರಾಗೈತಿಹಾಸಿಕ ವಸ್ತುಗಳು, ದೊರೆತ ಸ್ಥಳಗಳ ವಿವರ ಸಹಿತ, 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಏರ್ಕಾಡಿನಲ್ಲಿ ನೆಲೆಸಿ, ಈ ಸಂಗ್ರಹದ ವಿವರಪಟ್ಟಿಯನ್ನು ಸಿದ್ಧಪಡಿಸುವುದರಲ್ಲಿ ಕೊನೆಯ ವರ್ಷಗಳನ್ನು ಕಳೆದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ನಿಧನರಾದರು. ವಿವರಪಟ್ಟಿಯ ಸಂಪುಟಗಳು 1914 ಮತ್ತು 1916ರಲ್ಲಿ, ಅವರ ಮರಣಾನಂತರ, ಪ್ರಕಟಗೊಂಡವು. ಅವರ ಚಿತಾಭಸ್ಮವನ್ನು ಏರ್ಕಾಡಿನ ಚರ್ಚಿನ ಆವರಣದಲ್ಲಿ ಇರಿಸಲಾಗಿದೆ.

ಸಾರ್ವಜನಿಕರ ಗಮನಕ್ಕೆ

ಪಲ್ಲಾವರಂನ ಕೈಗೊಡಲಿ ದೊರೆತದ್ದು ಜಲ್ಲಿ ತೆಗೆದ ಗುಂಡಿಯಲ್ಲಿ. ಇಂದಿಗೂ ಬಾವಿ, ತಳಪಾಯ ಮತ್ತು ಕಲ್ಲುಗಣಿಗಳನ್ನು ಅಗೆಯುವವರ ಕಣ್ಣಿಗೇ ಇಂತಹ ವಸ್ತುಗಳು ಮೊದಲು ಬೀಳುತ್ತವೆ. ಅಗೆದ ಪದರು ಮತ್ತೆ ಕೂಡುವುದಿಲ್ಲ. ಸ್ಥಳದಿಂದ ಕಿತ್ತ ವಸ್ತುವಿಗೆ ಅದರ ಕಾಲವನ್ನು ಹೇಳುವ ಸಾಕ್ಷಿ ಉಳಿಯುವುದಿಲ್ಲ. ಆದುದರಿಂದ ಎಲೆಯಚ್ಚು, ಚಿಪ್ಪು, ಮೂಳೆ ಅಥವಾ ಕೆತ್ತಿದ ಕಲ್ಲು ಕಂಡುಬಂದಲ್ಲಿ ಅದನ್ನು ಕದಲಿಸದೆ, ಸ್ಥಳ ಮತ್ತು ಆಳವನ್ನು ಬರೆದಿಟ್ಟುಕೊಂಡು, ಜಿಲ್ಲೆಯ ಸಂಬಂಧಪಟ್ಟ ಕಚೇರಿಯ ಗಮನಕ್ಕೆ ತರುವುದು ಸೂಕ್ತ. ಅರ್ಧ ಶತಮಾನ ಕಾಲ ಫೂಟ್ ರವರು ಮಾಡಿದ ಕೆಲಸವೂ ಇದೇ ಆಗಿತ್ತು.