ಮೂವತ್ತು ವ್ಯಾಟಿನ ವಾಣಿ

ಹೊಳೆನರಸೀಪುರದ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ತಂದೆಯವರ ಕಾಲದ ವಾಲ್ವ್ ರೇಡಿಯೊ ಒಂದು ಬಹುಕಾಲ ಮೂಕವಾಗಿ ಕುಳಿತಿತ್ತು. ಕಳೆದ ಬೇಸಿಗೆಯಲ್ಲಿ ಅದನ್ನು ಗುಜರಿಗೆ ಹಾಕುವ ಮಾತು ಬಂದಾಗ, ಒಂದು ತಿಂಗಳ ವಾಯಿದೆ ಬೇಡಿ ಕೆಳಗಿಳಿಸಿದೆ. ಒಣಗಿದ ಕಂಡೆನ್ಸರುಗಳನ್ನು ಬದಲಾಯಿಸಿ, ಬಿಟ್ಟುಹೋದ ಸಂಧಿಗಳಿಗೆ ಬೆಸುಗೆ ಹಾಕಿ, ಮಾಳಿಗೆಯಿಂದ ತೆಂಗಿನ ಮರಕ್ಕೆ ತಾಮ್ರದ ತಂತಿ ಎಳೆದೆ. ದೀಪ ಹತ್ತಿತು; ಗೊರಗೊರ ಸದ್ದಿನ ಹೊರತು ಮಾತು ಬರಲಿಲ್ಲ. ಆ ದಿನಗಳಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೊರಳಿದ್ದು ಮೈಸೂರಿನ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರ ಕಡೆಗೆ.

ಅವರು ಯಂತ್ರಶಿಲ್ಪಿಯಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ, ಬುದ್ಧಿಶಕ್ತಿಯನ್ನು ಅಳೆಯುವ ವಿಧಾನಕ್ಕೆ ಹೆಸರಾದ ಸ್ಪಿಯರ್ಮನ್ ಅವರಲ್ಲಿ ವ್ಯಾಸಂಗ ಮಾಡಿ ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಭಾರತದಲ್ಲಿ ಮೊದಮೊದಲು ಹುಟ್ಟಿದ ಇಂಥ ವಿಭಾಗಗಳಲ್ಲಿ ಅದೂ ಒಂದು. ಇಂಥವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದರು. ಪ್ರೇಷಕದ ಶಕ್ತಿ ಕೇವಲ 30 ವ್ಯಾಟ್. ಹಳೆಯ ಕಾಲದ ಸಣ್ಣ ವಿದ್ಯುದ್ದೀಪವೊಂದು ನುಂಗುವಷ್ಟು! ಮೊದಲ ದಿನ ಕುವೆಂಪು ಅವರ ಕವಿತಾವಾಚನ ಕೇಳಿಬಂದಿತೆಂದು ಮೈಸೂರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಅಷ್ಟು ಅಲ್ಪ ಶಕ್ತಿಯಿಂದ ಕೇಳಿಸುವುದಾದರೂ ಹೇಗೆ? ಇಲ್ಲಿರುವ ಗುಟ್ಟನ್ನು ನನಗೆ ಕಲಿಸಿದ್ದು ಆ ತೆಂಗಿನ ಮರದ ತಂತಿ. ಪ್ರೇಷಕಕ್ಕೂ ಆಕಾಶತಂತಿಗೂ ವಿದ್ಯುತ್ತಿನ ತಡೆಯಲ್ಲಿ ಹೊಂದಾಣಿಕೆ ಇರಬೇಕು. 50 ಓಮ್ ತಡೆಗೆಂದು ರಚಿಸಿದ ಯಂತ್ರಕ್ಕೆ 150 ಓಮ್ ತಡೆಯ ತಂತಿಯನ್ನು ಬಿಗಿದರೆ ಶಕ್ತಿಯ ಕಾಲುಭಾಗ ತಂತಿಯನ್ನು ಬಿಟ್ಟು ಹಿಂದಿರುಗುತ್ತದೆ. ದೊಡ್ಡ ನಿಲಯಕ್ಕೆ ಆ ನಷ್ಟ ತಡೆದೀತು; ಮೂವತ್ತು ವ್ಯಾಟಿನವನಿಗೆ ಏಳೂವರೆ ವ್ಯಾಟ್ ಕಳೆದುಕೊಳ್ಳುವುದು ಬಡವನ ಕಣಜಕ್ಕೆ ಇಲಿ ಬಿದ್ದಂತೆ. ನಡುವೆ ಸುರುಳಿಯೊಂದನ್ನೂ ಕಂಡೆನ್ಸರೊಂದನ್ನೂ ಇಟ್ಟು, ಎರಡನ್ನೂ ತಾಳ್ಮೆಯಿಂದ ತಿದ್ದುತ್ತ ಹೋದರೆ ತಡೆ ಹೊಂದಿಕೊಳ್ಳುತ್ತದೆ.

ಮುಂದೆ ಮೈಸೂರಿನ ಕೇಂದ್ರಕ್ಕೆ 250 ವ್ಯಾಟಿನ ಯಂತ್ರ ಬಂದಿತು. ಶಕ್ತಿ ಎಂಟು ಪಟ್ಟಿಗೂ ಮಿಗಿಲಾಯಿತೆಂಬುದು ನಿಜ. ಆದರೆ ತೆರವಾದ ಅವಕಾಶದಲ್ಲಿ ಅದೇ ಬಲದ ಅಲೆ ಮುಟ್ಟುವ ದೂರ ಮೂರು ಪಟ್ಟೂ ಹೆಚ್ಚುವುದಿಲ್ಲ. ಹೀಗಿರಲು ಶಕ್ತಿಯನ್ನು ಹೆಚ್ಚಿಸುವುದಕ್ಕಿಂತ ಇದ್ದುದನ್ನು ಪೋಲಾಗದಂತೆ ಮುಟ್ಟಿಸುವುದು ದೊಡ್ಡ ವಿದ್ಯೆ. ಕೇಳುಗನ ಮನಸ್ಸನ್ನು ಬಲ್ಲ ಗೋಪಾಲಸ್ವಾಮಿಯವರು ಅರಿತಿದ್ದುದು ಇದೇ ವಿದ್ಯೆಯನ್ನೆಂಬುದು ನನ್ನ ಊಹೆ. ಕವಿತೆ, ಸಂಗೀತ, ಮಾತುಗಳನ್ನು ಜನರ ಕಿವಿಗೆ ಹೊಂದಿಸುವ ಕೆಲಸಕ್ಕೆ ಅವರು ಸ್ವಂತ ಹಣವನ್ನು ಸುರಿದರು.

ಒಬ್ಬ ಅಧ್ಯಾಪಕನ ಕೈಚೀಲ ಎಷ್ಟು ದಿನ ತಾಳೀತು? 1940ರ ದಶಕದ ಮೊದಲಲ್ಲಿ ಕೇಂದ್ರವು ಮೈಸೂರು ಸಂಸ್ಥಾನದ ಸರ್ಕಾರದ ವಶಕ್ಕೆ ಹೋಯಿತು. 1955ರಲ್ಲಿ ಬೆಂಗಳೂರು ನಿಲಯ ಆರಂಭವಾಯಿತು. ಅವರ ಕೇಂದ್ರ ಹೊತ್ತಿದ್ದ 'ಆಕಾಶವಾಣಿ' ಎಂಬ ಹೆಸರು ಅದೇ ದಶಕದಲ್ಲಿ ಇಡೀ ದೇಶದ ಬಾನುಲಿ ಸಂಸ್ಥೆಯದಾಯಿತು. 1957ರಲ್ಲಿ ಗೋಪಾಲಸ್ವಾಮಿಯವರು ತೀರಿಕೊಂಡರು. ಮನೆಯಲ್ಲಿ ಹುಟ್ಟಿದ ಕೂಸು ಲೋಕದ ಸ್ವತ್ತಾಗಿತ್ತು.

ನನ್ನ ವಾಯಿದೆಯ ತಿಂಗಳು ಮುಗಿಯಲು ಮೂರು ದಿನಗಳಿದ್ದಾಗ, ಮತ್ತೊಂದು ಸುರುಳಿ ಸುತ್ತಿ, ತಂತಿಯನ್ನು ಅದರ ಒಂದೊಂದು ಸುತ್ತಿಗೂ ಮುಟ್ಟಿಸಿ ನೋಡುತ್ತಿದ್ದೆ. ಹದಿನೇಳನೆಯ ಸುತ್ತಿಗೆ ಬಂದಾಗ ಗೊರಗೊರ ಸದ್ದು ಅಡಗಿ, ಸ್ಫುಟವಾದ ಕನ್ನಡ ಮಾತು ಕೇಳಿಸಿತು. ಗುಜರಿಯ ಮಾತೆತ್ತಿದ್ದ ಮಗ ಬಾಗಿಲಲ್ಲಿ ನಿಂತು ಆಲಿಸಿದ. ರೇಡಿಯೊ ಮತ್ತೆ ಅಟ್ಟ ಹತ್ತಲಿಲ್ಲ.